ಮೈದಾನವೂ ಅವರದೇ, ತೀರ್ಪೂ ಅವರದೇ

ಮುಂಗಾರಿನ ನಡುವೆ, ರಾಗಿ ಹೊಲಗಳಿಗೆ ಕುಂಟೆ ಹಾಯಿಸುವ ಹೊತ್ತಿಗೆ, ರಾಜ್ಯದ ಪ್ರೌಢಶಾಲೆಗಳಲ್ಲಿ ಕ್ರೀಡಾಕೂಟಗಳ ಕಾಲ ಆರಂಭವಾಗುತ್ತದೆ. ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ಕೊನೆಗೆ ರಾಜ್ಯಮಟ್ಟಕ್ಕೆ ಏರಬೇಕಾದ ಏಣಿ ಇದು. ಕೊಕ್ಕೊ, ಕಬಡ್ಡಿ, ವಾಲಿಬಾಲ್, ಥ್ರೋಬಾಲ್‌ನಂತಹ ಗುಂಪು ಆಟಗಳಲ್ಲಿ ಗೆದ್ದ ತಂಡಕ್ಕೆ ಮಾತ್ರ ಮುಂದಿನ ಮೆಟ್ಟಿಲು. ಒಂದು ಪಂದ್ಯ ಸೋತರೆ ಆ ವರ್ಷ ಮುಗಿಯಿತು. ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಪ್ರೌಢಶಾಲೆಯ ಆಟವೇ ಮುಗಿಯಿತು.

ಈ ಏಣಿಯ ಅತ್ಯಂತ ಕೆಳಗಿನ ಮೆಟ್ಟಿಲಿನ ಬಗ್ಗೆ ಪತ್ರಿಕೆಗಳು ಬರೆಯುವುದು ಎರಡು ಸಾಲಿನ ಸುದ್ದಿಯನ್ನು ಮಾತ್ರ. ಉದ್ಘಾಟಿಸಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಗೆದ್ದ ಶಾಲೆಯ ಹೆಸರು. ಗೆದ್ದ ಶಾಲೆ ಮತ್ತು ಆತಿಥ್ಯ ವಹಿಸಿದ ಶಾಲೆ ಒಂದೇ ಆಗಿದ್ದರೆ ಊರಿನ ಅರಳಿಕಟ್ಟೆಯಲ್ಲಿ ಒಂದಷ್ಟು ದಿನ ಮಾತು ನಡೆಯುತ್ತದೆ. ‘ಮೈದಾನ ಅವರದು, ಸೀಟಿ ಊದುವವರೂ ಅವರೇ, ಇನ್ನು ಗೆಲ್ಲದೆ ಏನು?’ ಎಂಬ ಆ ಮಾತನ್ನು ಸೋತವರ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಎರಡು ಬೇರೆಬೇರೆ ದೂರುಗಳಿವೆ. ಒಂದು ಮೈದಾನದ್ದು, ಇನ್ನೊಂದು ಸೀಟಿಯದ್ದು. ಇವೆರಡನ್ನು ಬಿಡಿಸಿ ನೋಡದಿರುವುದೇ ನಮ್ಮ ತೊಡಕು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಐದು ಹೋಬಳಿಗಳು: ಕಸಬಾ, ಹಂದನಕೆರೆ, ಹುಳಿಯಾರು, ಕಂದಿಕೆರೆ, ಶೆಟ್ಟಿಕೆರೆ. ತೆಂಗಿನ ತೋಟಗಳ ನಡುವೆ ಹರಡಿಕೊಂಡಿರುವ ಹಂದನಕೆರೆ ಹೋಬಳಿಯ ಶಾಲೆಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹೋಬಳಿ ಮಟ್ಟದ ಕೂಟ ನಡೆಸಲು ವಿಶಾಲವಾದ ಅಂಗಳ ಬೇಕು, ಕುಡಿಯುವ ನೀರು ಬೇಕು, ನೂರಾರು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಕು, ಶಾಮಿಯಾನ, ಮೈಕು, ಟ್ರೋಫಿ ಬೇಕು. ಇದಕ್ಕೆಲ್ಲ ದಾನಿಗಳನ್ನು ಹುಡುಕಬೇಕು. ಇಂತಹ ಶಕ್ತಿ ಎಲ್ಲ ಶಾಲೆಗಳಿಗೂ ಇರುವುದಿಲ್ಲ. ಹಾಗಾಗಿ ಸರದಿ ಎಂಬುದು ಕಾಗದದ ಮೇಲೆ ಇದ್ದರೂ, ಅಂಗಳವೂ ದಾನಿಗಳೂ ಇರುವ ಕೆಲವೇ ಶಾಲೆಗಳಿಗೆ ಆತಿಥ್ಯ ಮತ್ತೆಮತ್ತೆ ಹೋಗುವುದು ಎಲ್ಲ ಹೋಬಳಿಗಳಲ್ಲೂ ಕಾಣುವ ಸಂಗತಿ.

ಅಮೆರಿಕದ ಹಲವು ರಾಜ್ಯಗಳ ಹೈಸ್ಕೂಲು ಫುಟ್‌ಬಾಲ್‌ನಲ್ಲೂ ತವರು ಮೈದಾನದ ಜಗಳ ಹಳೆಯದು. ಅಲ್ಲಿ ನಾಕೌಟ್‌ನ ಆರಂಭಿಕ ಸುತ್ತುಗಳು ಮೇಲಿನ ಶ್ರೇಯಾಂಕ ಪಡೆದ ಶಾಲೆಯ ಮೈದಾನದಲ್ಲಿ ನಡೆಯುತ್ತವೆ. ಫೈನಲ್ ಮಾತ್ರ ಸಾಮಾನ್ಯವಾಗಿ ಯಾರಿಗೂ ಸೇರದ ದೊಡ್ಡ ಕ್ರೀಡಾಂಗಣದಲ್ಲಿ. ಈ ಪದ್ಧತಿಯನ್ನು ಒಪ್ಪದವರೂ ಅದರ ಹಿಂದಿನ ತರ್ಕವನ್ನು ಅಲ್ಲಗಳೆಯಲಾರರು. ತವರಿನ ಅನುಕೂಲವನ್ನು ಆ ಶಾಲೆ ಋತುವಿನುದ್ದಕ್ಕೂ ಗೆದ್ದು ಸಂಪಾದಿಸಿರುತ್ತದೆ. ನಮ್ಮಲ್ಲಿ ಅದು ಆಟದಿಂದ ಬಂದದ್ದಲ್ಲ; ಅಂಗಳದ ಅಳತೆಯಿಂದ, ಹಳೆಯ ವಿದ್ಯಾರ್ಥಿಗಳ ಉದಾರತೆಯಿಂದ ಬಂದದ್ದು.

ಇನ್ನು ಮೈದಾನದ ವಿಷಯ. ಕೊಕ್ಕೊ ಆಟದಲ್ಲಿ ಕಂಬದ ಬಳಿಯ ನೆಲ ಬಹುಮುಖ್ಯ. ಅಟ್ಟಿಸಿಕೊಂಡು ಬಂದ ಹುಡುಗಿ ಕಂಬ ಹಿಡಿದು ಮೈಚಾಚಿ ಎಗರುವಾಗ ಕೆಳಗೆ ಮೆತ್ತನೆಯ ಮಣ್ಣಿದೆಯೋ ಗೊರಚು ಕಲ್ಲಿದೆಯೋ ಎಂಬುದು ಆಕೆಗೆ ಮೊದಲೇ ಗೊತ್ತಿದ್ದರೆ ಅರ್ಧ ಕ್ಷಣದ ಹಿಂಜರಿಕೆ ತಪ್ಪುತ್ತದೆ. ಬರಿಗಾಲಿನಲ್ಲಿ ಓಡುವ ಮಕ್ಕಳಿಗೆ ಅಂಗಳದ ಇಳಿಜಾರು, ಮಳೆ ಬಂದರೆ ನೀರು ನಿಲ್ಲುವ ಮೂಲೆ, ಜಾರುವ ಕೆಮ್ಮಣ್ಣು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇದು ತವರಿನ ಲಾಭ, ನಿಜ. ಆದರೆ ಇದರಲ್ಲಿ ಮೋಸವಿಲ್ಲ. ನೆಲ ಎಲ್ಲರಿಗೂ ಒಂದೇ. ಒಬ್ಬರಿಗೆ ಪರಿಚಯ ಹೆಚ್ಚು, ಅಷ್ಟೆ. ಮೇಲಿನ ಹಂತಗಳಿಗೆ ಹೋದಂತೆ ಈ ಅಸಮತೆ ಬೇರೆ ರೂಪ ತಾಳುತ್ತದೆ. ಮಣ್ಣಿನಲ್ಲಿ ಕಬಡ್ಡಿ ಕಲಿತ ಹಳ್ಳಿಯ ಹುಡುಗ ಮೇಲಿನ ಹಂತದಲ್ಲಿ ಮ್ಯಾಟ್ ಮೇಲೆ ಆಡಬೇಕಾಗಿ ಬಂದಾಗ, ಪಂದ್ಯ ಯಾವ ಊರಿನಲ್ಲಿ ನಡೆದರೂ ಅದು ನಗರದ ಕ್ರೀಡಾ ಹಾಸ್ಟೆಲಿನ ಹುಡುಗನಿಗೇ ತವರು ನೆಲ. ಇದನ್ನು ಯಾರೂ ‘ತವರಿನ ಅನುಕೂಲ’ ಎಂದು ಕರೆಯುವುದಿಲ್ಲವೆಂಬುದು ಬೇರೆ ಮಾತು.

ಸೀಟಿಯ ವಿಷಯ ಹೀಗಲ್ಲ. ಹೋಬಳಿ ಮಟ್ಟದಲ್ಲಿ ತೀರ್ಪುಗಾರರೆಂದರೆ ಅಲ್ಲಿ ನೆರೆದಿರುವ ದೈಹಿಕ ಶಿಕ್ಷಕರೇ. ಅನೇಕ ಶಾಲೆಗಳಿಗೆ ದೈಹಿಕ ಶಿಕ್ಷಕರೇ ಇಲ್ಲದಿರುವುದರಿಂದ ಇರುವ ಕೆಲವರೇ ಎಲ್ಲ ಪಂದ್ಯಗಳನ್ನೂ ನಿಭಾಯಿಸಬೇಕು. ಆತಿಥೇಯ ಶಾಲೆಯ ಶಿಕ್ಷಕರು ಸಂಘಟಕರೂ ಹೌದು, ತಮ್ಮ ತಂಡದ ತರಬೇತುದಾರರೂ ಹೌದು, ಪಕ್ಕದ ಅಂಕಣದಲ್ಲಿ ಅಂಪೈರೂ ಹೌದು. ತಮ್ಮದೇ ತಂಡದ ಪಂದ್ಯಕ್ಕೆ ಸೀಟಿ ಹಿಡಿಯದಷ್ಟು ಮರ್ಯಾದೆ ಇಟ್ಟುಕೊಂಡರೂ, ಸೀಟಿ ಹಿಡಿಯುವವರು ಅವರ ಆತಿಥ್ಯದಲ್ಲಿರುವ ಸಹೋದ್ಯೋಗಿ. ಮುಂದಿನ ವರ್ಷ ಪಾತ್ರಗಳು ಅದಲುಬದಲಾಗುತ್ತವೆ.

ಈ ಆಟಗಳಲ್ಲಿ ತೀರ್ಪಿಗೆ ಎಷ್ಟು ಜಾಗವಿದೆ ಎಂಬುದನ್ನು ಗಮನಿಸಬೇಕು. ಎತ್ತರ ಜಿಗಿತದ ಅಡ್ಡಪಟ್ಟಿಗೆ ಯಾವ ಊರಿನ ಮೇಲೂ ಪ್ರೀತಿಯಿಲ್ಲ, ಬಿದ್ದರೆ ಬಿತ್ತು. ಗುಂಡು ಎಸೆತವನ್ನು ಟೇಪು ಅಳೆಯುತ್ತದೆ. ಕಬಡ್ಡಿಯಲ್ಲಿ ಹಾಗಲ್ಲ. ದಾಳಿಗಾರನ ಬೆರಳು ಎದುರಾಳಿಯ ಅಂಗಿಗೆ ತಾಗಿತೇ, ಬೋನಸ್ ಗೆರೆ ದಾಟುವಾಗ ಹಿಂದಿನ ಕಾಲು ಗಾಳಿಯಲ್ಲಿತ್ತೇ, ಹಿಡಿಯುವ ಮುನ್ನ ಉಸಿರು ತುಂಡಾಯಿತೇ ಎಂಬುದನ್ನೆಲ್ಲ ಒಂದು ಜೊತೆ ಕಣ್ಣು, ಒಂದು ಜೊತೆ ಕಿವಿ ನಿರ್ಧರಿಸಬೇಕು. ಕೊಕ್ಕೊದಲ್ಲಿ ಮುಟ್ಟಿದ್ದು ಮುಟ್ಟಿದಂತೆಯೋ ಅಲ್ಲವೋ, ಖೋ ಕೊಡುವ ಮೊದಲೇ ಕುಳಿತವಳು ಎದ್ದಳೋ ಎಂಬ ಪ್ರಶ್ನೆಗಳು ನಿಮಿಷಕ್ಕೆ ಹತ್ತು ಬಾರಿ ಏಳುತ್ತವೆ. ವಿಡಿಯೊ ಮರುಪರಿಶೀಲನೆ ಹೋಬಳಿಯ ಅಂಗಳಕ್ಕೆ ಬರುವ ಕಾಲ ದೂರವಿದೆ.

ಅಂಪೈರು ಅಪ್ರಾಮಾಣಿಕನಾಗಿರಬೇಕೆಂದೇನೂ ಇಲ್ಲ ಎಂಬುದು ಇಲ್ಲಿನ ಸೂಕ್ಷ್ಮ. 2002ರಲ್ಲಿ ಇಂಗ್ಲೆಂಡಿನ ಸಂಶೋಧಕರು 40 ಮಂದಿ ಅರ್ಹ ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ 47 ಸನ್ನಿವೇಶಗಳನ್ನು ತೋರಿಸಿ ತೀರ್ಪು ಕೇಳಿದರು. ಕೆಲವರಿಗೆ ಪ್ರೇಕ್ಷಕರ ಗದ್ದಲ ಕೇಳುತ್ತಿತ್ತು, ಉಳಿದವರಿಗೆ ದೃಶ್ಯ ಮಾತ್ರ. ಗದ್ದಲ ಕೇಳಿಸಿಕೊಂಡವರು ತವರು ತಂಡದ ವಿರುದ್ಧ ಕೊಟ್ಟ ಫೌಲ್‌ಗಳು ಶೇ 15ರಷ್ಟು ಕಡಿಮೆ. ಸ್ಪೇನಿನ ಲೀಗ್ ಪಂದ್ಯಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಲೇಖನದ ಫಲಿತವೂ ಇಂಥದ್ದೇ: ತವರು ತಂಡ ಒಂದು ಗೋಲಿನಿಂದ ಹಿಂದಿದ್ದಾಗ ರೆಫರಿಗಳು ಹೆಚ್ಚುವರಿ ಸಮಯವನ್ನು ಧಾರಾಳವಾಗಿ ಕೊಡುತ್ತಿದ್ದರು, ಮುಂದಿದ್ದಾಗ ಬೇಗ ಮುಗಿಸುತ್ತಿದ್ದರು. 2020ರ ಮೇ ತಿಂಗಳಲ್ಲಿ, ಕೋವಿಡ್ ನಡುವೆ, ಜರ್ಮನಿಯ ಬುಂಡೆಸ್‌ಲೀಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಆರಂಭವಾದಾಗ ತವರು ತಂಡಗಳ ಗೆಲುವು ಇಳಿಯಿತು. ಯುರೋಪಿನಲ್ಲಿ ಆ ಅವಧಿಯ ಅಂಕಿಅಂಶಗಳನ್ನು ಪರಿಶೀಲಿಸಿದವರಿಗೆ ಪ್ರವಾಸಿ ತಂಡಗಳಿಗೆ ತೋರಿಸುವ ಹಳದಿ ಕಾರ್ಡುಗಳೂ ಕಡಿಮೆಯಾದದ್ದು ಕಂಡುಬಂತು. ನೆಲ ಅದೇ ಇತ್ತು. ಬದಲಾದದ್ದು ರೆಫರಿಯ ಕಿವಿಗೆ ಬೀಳುವ ಸದ್ದು.

ಸಂಬಳ ಪಡೆಯುವ, ತರಬೇತಿ ಹೊಂದಿದ ರೆಫರಿಗಳ ಕತೆಯೇ ಹೀಗಿರುವಾಗ, ಅಂಕಣದ ಗೆರೆಗೆ ಕಾಲು ತಾಗಿಸಿ ನಿಂತ ಊರಿನ ಜನರ ನಡುವೆ, ಆ ಊರಿನ ಊಟ ಉಂಡ ನಮ್ಮ ಮೇಷ್ಟರು ಏನು ಮಾಡಿಯಾರು?

ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ ತಟಸ್ಥ ಮೈದಾನ. ನಮ್ಮ ಕ್ರಿಕೆಟ್ ಮಂಡಳಿ ಇದನ್ನೇ ಮಾಡಿ ನೋಡಿತು. 2016-17ರ ರಣಜಿ ಋತುವಿನ ಪಂದ್ಯಗಳನ್ನೆಲ್ಲ ಎರಡೂ ತಂಡಗಳಿಗೆ ಸೇರದ ಊರುಗಳಲ್ಲಿ ಆಡಿಸಲಾಯಿತು. ಕರ್ನಾಟಕ ಮತ್ತು ತಮಿಳುನಾಡು ತಂಡಗಳ ಕ್ವಾರ್ಟರ್ ಫೈನಲ್ ನಡೆದದ್ದು ವಿಶಾಖಪಟ್ಟಣದಲ್ಲಿ. ನಮ್ಮವರು ಮೊದಲ ಇನಿಂಗ್ಸ್‌ನಲ್ಲಿ 88 ರನ್ನಿಗೆ ಉರುಳಿ ಎರಡೇ ದಿನಗಳಲ್ಲಿ ಸೋತು ಮರಳಿದರು. ನೆಲ ತಟಸ್ಥವಾಗಿತ್ತು, ಆದರೆ ನೋಡಲು ಜನರೂ ಇರಲಿಲ್ಲ. ಮರುವರ್ಷವೇ ಮಂಡಳಿ ಹಳೆಯ ತವರು-ಪ್ರವಾಸ ಪದ್ಧತಿಗೆ ಹಿಂದಿರುಗಿತು. ಇದಕ್ಕೆ ವಿರುದ್ಧವಾಗಿ, 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ರಣಜಿ ಫೈನಲ್ ನೆನೆಯಿರಿ. ತವರಿನ ಜನ ಕಿಕ್ಕಿರಿದು ಸೇರಿದ್ದರು. ಮನೀಷ್ ಪಾಂಡೆ 144 ರನ್ ಹೊಡೆದರು. ಗೆಲ್ಲಲು 338 ಬೇಕಿದ್ದ ಕರ್ನಾಟಕ ಮುಂಬೈಗೆ 6 ರನ್ನುಗಳಿಂದ ಸೋತಿತು. ತವರಿನಲ್ಲೇ ಆಡಿ, ಕೂದಲೆಳೆಯಲ್ಲಿ ಸೋತರೂ ಆ ಪಂದ್ಯವನ್ನು ಕಂಡವರು ಇಂದಿಗೂ ಅದನ್ನು ಹೇಳಿಕೊಂಡು ಸಂತೋಷಪಡುತ್ತಾರೆ. ಅಲ್ಲಿ ಅಂಪೈರ್‌ಗಳನ್ನು ನೇಮಿಸುವುದು ಮಂಡಳಿ, ಆತಿಥೇಯ ಸಂಸ್ಥೆಯಲ್ಲ.

ಕ್ರಿಕೆಟ್ ಈ ಪಾಠವನ್ನು ಬಹಳ ಜಗಳಗಳ ನಂತರ ಕಲಿಯಿತು. 1986ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಲಾಹೋರ್ ಟೆಸ್ಟ್‌ಗೆ ಪಾಕಿಸ್ತಾನ ತಾನಾಗಿಯೇ ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅವರನ್ನು ಕರೆಸಿಕೊಂಡಿತು. ನೆರೆಯ ದೇಶಗಳ ನಡುವಿನ ಸಂಬಂಧ ನೆನೆದರೆ ಇದೇನೂ ಸಣ್ಣ ಸಂಗತಿಯಲ್ಲ. 1994ರಿಂದ ಟೆಸ್ಟ್‌ಗಳಲ್ಲಿ ಒಬ್ಬ ತಟಸ್ಥ ಅಂಪೈರ್, 2002ರಿಂದ ಇಬ್ಬರೂ ತಟಸ್ಥರು ಎಂಬ ನಿಯಮ ಬಂತು. ಪಿಚ್ಚು, ಪ್ರೇಕ್ಷಕರು, ಊಟ, ಹವೆ ಎಲ್ಲವೂ ಆತಿಥೇಯರದ್ದೇ ಆಗಿ ಉಳಿದವು. ಬದಲಾದದ್ದು ತೀರ್ಪು ಮಾತ್ರ.

ಹೋಬಳಿ ಕೂಟಕ್ಕೆ ತಟಸ್ಥ ಮೈದಾನ ಬೇಡವೆನ್ನಲು ಇನ್ನೂ ಬಲವಾದ ಕಾರಣವಿದೆ. ಹಳ್ಳಿಯಲ್ಲಿ ಕೂಟ ನಡೆಯುವ ದಿನ ಊರಿಗೆ ಊರೇ ಸೇರುತ್ತದೆ. ತೋಟದ ಕೆಲಸ ಬಿಟ್ಟು ಬಂದ ತಾಯಂದಿರು ತಮ್ಮ ಹೆಣ್ಣುಮಕ್ಕಳು ಓಡುವುದನ್ನು ಮೊದಲ ಬಾರಿಗೆ ನೋಡುತ್ತಾರೆ. ಹೆಣ್ಣುಮಕ್ಕಳನ್ನು ಬಹುದೂರ ಕಳುಹಿಸಲು ಹಿಂಜರಿಯುವ ಮನೆಗಳು ಇಂದಿಗೂ ಇವೆ. ಸಮೀಪದಲ್ಲಿ ನಡೆದರೆ ಕಳುಹಿಸುತ್ತಾರೆ. ಕೂಟದ ನೆಪದಲ್ಲಿ ಶಾಲೆಯ ಅಂಗಳ ಸಮತಟ್ಟಾಗುತ್ತದೆ, ಕೊಳಾಯಿ ಬರುತ್ತದೆ. ಎಲ್ಲ ಕೂಟಗಳನ್ನೂ ತಾಲ್ಲೂಕು ಕ್ರೀಡಾಂಗಣಕ್ಕೆ ಸಾಗಿಸಿದರೆ ನ್ಯಾಯ ಹೆಚ್ಚುವುದೋ ಇಲ್ಲವೋ, ಆಡುವವರ ಸಂಖ್ಯೆ ಖಂಡಿತ ಕುಗ್ಗುತ್ತದೆ. ಆಗ ತಾಲ್ಲೂಕು ಕೇಂದ್ರದ ಶಾಲೆಗಳಿಗೇ ಶಾಶ್ವತ ತವರು ಸಿಕ್ಕಂತಾಯಿತು.

ಆದ್ದರಿಂದ ಮೈದಾನವನ್ನು ಊರಿಗೆ ಬಿಟ್ಟು ಸೀಟಿಯನ್ನು ಹೊರಗಿನಿಂದ ತರಬೇಕು. ಶಿಕ್ಷಣ ಇಲಾಖೆಗೆ ಇದು ಹೊಸ ತತ್ವವೇನಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮಗು ತನ್ನ ಶಾಲೆಯ ಕಟ್ಟಡದಲ್ಲೇ ಕುಳಿತು ಬರೆಯಬಹುದು. ಕೊಠಡಿಯ ಮೇಲ್ವಿಚಾರಕರು ಮಾತ್ರ ಬೇರೆ ಶಾಲೆಯವರಾಗಿರಬೇಕು. ಉತ್ತರ ಪತ್ರಿಕೆಗಳನ್ನು ತಿದ್ದುವುದೂ ಬೇರೆ ಕಡೆ. ಇದರಿಂದ ಯಾವ ಶಿಕ್ಷಕರೂ ಅವಮಾನಿತರಾದಂತೆ ಭಾವಿಸುವುದಿಲ್ಲ; ಅವರ ಮೇಲೆ ಬೀಳಬಹುದಾದ ಗುಮಾನಿಯಿಂದ ಅದು ಅವರನ್ನೇ ಕಾಪಾಡುತ್ತದೆ. ತಿಪಟೂರು ಮಾರುಕಟ್ಟೆಗೆ ಉಂಡೆ ಕೊಬ್ಬರಿ ಕೊಂಡೊಯ್ಯುವ ಬೆಳೆಗಾರರಿಗೂ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳ್ಳುವವನ ಮನೆಯಂಗಳದಲ್ಲಿ, ಕೊಳ್ಳುವವನ ತಕ್ಕಡಿಯಲ್ಲಿ ತೂಗಿ ಮಾರುವ ವ್ಯಾಪಾರದ ಅನ್ಯಾಯವನ್ನು ತಪ್ಪಿಸಲೆಂದೇ ನಿಯಂತ್ರಿತ ಮಾರುಕಟ್ಟೆಗಳು ಹುಟ್ಟಿದ್ದು.

ಮಾಡುವುದು ಕಷ್ಟವೇನಲ್ಲ. ತಾಲ್ಲೂಕಿನಲ್ಲಿ ಐದು ಹೋಬಳಿಗಳಿವೆ. ಕೂಟದ ದಿನಾಂಕಗಳನ್ನು ಒಂದರ ಮೇಲೊಂದು ಬೀಳದಂತೆ ಹಂಚಿದರೆ ಹಂದನಕೆರೆಯ ಪಂದ್ಯಗಳಿಗೆ ಹುಳಿಯಾರಿನ ಶಿಕ್ಷಕರು, ಹುಳಿಯಾರಿನದಕ್ಕೆ ಶೆಟ್ಟಿಕೆರೆಯವರು ತೀರ್ಪುಗಾರರಾಗಬಹುದು. ತಾಲ್ಲೂಕು ಮಟ್ಟಕ್ಕೆ ಬಂದಾಗ ತಿಪಟೂರು, ತುರುವೇಕೆರೆಯವರನ್ನು ಕರೆಸಬಹುದು. ಈ ಮೂರೂ ತಾಲ್ಲೂಕುಗಳು ಒಂದೇ ಶೈಕ್ಷಣಿಕ ಜಿಲ್ಲೆಗೆ ಸೇರಿರುವುದರಿಂದ ಆದೇಶಕ್ಕೆ ಒಬ್ಬ ಉಪನಿರ್ದೇಶಕರ ಸಹಿ ಸಾಕು. ಖರ್ಚೆಂದರೆ ಬಸ್ ಚಾರ್ಜು ಮತ್ತು ದಿನಭತ್ಯೆ. ‘ಅನುದಾನವಿಲ್ಲ’ ಎಂಬ ಉತ್ತರ ಕಡತದಲ್ಲಿ ಬರುವುದು ಖಂಡಿತ. ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ಆ ವಾಕ್ಯವನ್ನು ಓದಿಯೂ ಇದ್ದೇನೆ, ಬರೆದೂ ಇದ್ದೇನೆ. ಆದರೆ ಶಾಮಿಯಾನಕ್ಕೂ ಹಾರ-ಶಾಲುಗಳಿಗೂ ಹಣ ಹೊಂದಿಸುವ ಕೂಟಕ್ಕೆ ಇದು ಭಾರವಾಗಲಾರದು.

ಇದಕ್ಕಿಂತ ಅಗ್ಗದ ಸುಧಾರಣೆಗಳೂ ಇವೆ. ಬೆಸ ಸಂಖ್ಯೆಯ ತಂಡಗಳಿದ್ದಾಗ ಒಂದು ತಂಡಕ್ಕೆ ಮೊದಲ ಸುತ್ತಿನಲ್ಲಿ ಬೈ ದೊರೆಯುತ್ತದೆ. ಆ ಚೀಟಿ ಎತ್ತುವುದು ಎಲ್ಲ ತಂಡಗಳ ನಾಯಕರ ಎದುರಿಗೇ ಆಗಬೇಕು, ಮುಖ್ಯೋಪಾಧ್ಯಾಯರ ಕೊಠಡಿಯಲ್ಲಲ್ಲ. ಅಂಕಣದ ಸುತ್ತ ಮೂರು ಮಾರು ದೂರದಲ್ಲಿ ಒಂದು ಹಗ್ಗ ಕಟ್ಟಿದರೆ ಜನ ಅಂಪೈರಿನ ಕಿವಿಯಿಂದಲೂ ಓಡುವ ಮಗುವಿನ ಕಾಲಿನಿಂದಲೂ ದೂರ ನಿಲ್ಲುತ್ತಾರೆ. ತೆಂಗಿನ ಸೀಮೆಯಲ್ಲಿ ಹಗ್ಗಕ್ಕೆ ಬರವಿಲ್ಲ.

ಇನ್ನೊಂದು ಅನ್ಯಾಯ ಯಾವ ನಿಯಮ ಪುಸ್ತಕದಲ್ಲೂ ಇಲ್ಲ. ಉದ್ಘಾಟನೆಗೆ ಗಣ್ಯರು ತಡವಾಗಿ ಬರುತ್ತಾರೆ, ಭಾಷಣಗಳು ಬೆಳೆಯುತ್ತವೆ, ಮೊದಲ ಪಂದ್ಯ ಆರಂಭವಾಗುವಾಗ ಬಿಸಿಲು ನೆತ್ತಿಗೆ ಏರಿರುತ್ತದೆ. ಫೈನಲ್ ಸಂಜೆಗೆ ಹೋಗುತ್ತದೆ. ಬೆಳಗಿನ ಮೊದಲ ಬಸ್ಸಿಗೆ, ಅರೆಹೊಟ್ಟೆಯಲ್ಲಿ, ಹೊರಟು ಬಂದ ದೂರದ ಶಾಲೆಯ ಹುಡುಗಿಯರು ಆ ಹೊತ್ತಿಗೆ ಕೊನೆಯ ಬಸ್ಸಿನ ಲೆಕ್ಕ ಹಾಕುತ್ತಿರುತ್ತಾರೆ. ಆತಿಥೇಯ ಶಾಲೆಯವರಿಗೆ ಆ ಚಿಂತೆಯಿಲ್ಲ. ಆಟ ಮುಗಿಸಿ ನಡೆದು ಮನೆಗೆ ಹೋಗುತ್ತಾರೆ. ಅತಿದೂರದ ತಂಡದ ಪಂದ್ಯಗಳನ್ನು ಮೊದಲು ಆಡಿಸಿ, ಫೈನಲ್‌ಗಳನ್ನು ಮಧ್ಯಾಹ್ನ ಮೂರು ಗಂಟೆಯೊಳಗೆ ಮುಗಿಸಬೇಕೆಂದೂ, ಭಾಷಣಗಳನ್ನು ಬಹುಮಾನ ವಿತರಣೆಯ ನಂತರಕ್ಕೆ ಇಟ್ಟುಕೊಳ್ಳಬೇಕೆಂದೂ ಕ್ಷೇತ್ರ ಶಿಕ್ಷಣಾಧಿಕಾರಿಗಳು ಜೂನ್ ತಿಂಗಳಲ್ಲೇ ಸುತ್ತೋಲೆ ಹೊರಡಿಸಬಹುದು. ಅದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.