ಕೃಷಿಕರ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ: ಜೋಡಣೆಗೆ ಮುನ್ನ ಗಮನಿಸಬೇಕಾದ ಅಂಶಗಳು

ಗ್ರಾಮೀಣ ಮನೆಗಳಲ್ಲಿ ಬಟ್ಟೆ ಒಗೆಯುವ ಯಂತ್ರ (ವಾಷಿಂಗ್ ಮೆಷಿನ್) ಈಗ ಅಪರೂಪದ ವಸ್ತುವಲ್ಲ. ಆದರೆ ಯಂತ್ರವನ್ನು ಆರಿಸುವಾಗ ವಹಿಸುವಷ್ಟು ಎಚ್ಚರವನ್ನು ಅದರ ಜೋಡಣೆಯಲ್ಲಿ ವಹಿಸುವವರು ಕಡಿಮೆ. ತೋಟದ ಮನೆಯ ಯಂತ್ರವು ಕೊಳವೆಬಾವಿಯ ಗಡಸು ನೀರು, ಏರಿಳಿಯುವ ವೋಲ್ಟೇಜ್ ಹಾಗೂ ಹಿತ್ತಲಿಗೆ ಹರಿಯುವ ಬಚ್ಚಲು ಕಾಲುವೆಯ ನಡುವೆ ಕೆಲಸ ಮಾಡಬೇಕಾಗುತ್ತದೆ. ಆದ್ದರಿಂದ ವಿದ್ಯುತ್, ಒಳಬರುವ ನೀರು ಮತ್ತು ಹೊರಹೋಗುವ ನೀರು, ಈ ಮೂರರ ವ್ಯವಸ್ಥೆಯನ್ನು ಯಂತ್ರ ಮನೆಗೆ ಬರುವ ಮೊದಲೇ ಮಾಡಿಕೊಳ್ಳಬೇಕು.

ಭೂಸಂಪರ್ಕ (ಅರ್ಥಿಂಗ್)

ಒದ್ದೆ ನೆಲ, ಬರಿಗಾಲು ಮತ್ತು ಲೋಹದ ಯಂತ್ರ ಸೇರಿದಲ್ಲಿ ಸಣ್ಣ ವಿದ್ಯುತ್ ಸೋರಿಕೆಯೂ ಪ್ರಾಣಾಪಾಯ ತರಬಲ್ಲದು. ಯಂತ್ರವನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಅದು ಭೂಸಂಪರ್ಕ ಸರಿಯಿಲ್ಲವೆಂಬ ಸೂಚನೆ. ಅಂತಹ ಯಂತ್ರವನ್ನು ಒಮ್ಮೆಯೂ ಬಳಸಬಾರದು. ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಅದರ ಭೂತಂತಿ ಎಲ್ಲಿಗೂ ಜೋಡಣೆಯಾಗಿರದಿರುವುದುಂಟು. ಭೂತಂತಿಯನ್ನು ನೀರಿನ ಪೈಪಿಗೆ ಸುತ್ತುವುದು ಅಥವಾ ಸಾಕೆಟ್‌ನಲ್ಲಿಯೇ ನ್ಯೂಟ್ರಲ್‌ಗೆ ಸೇರಿಸುವುದು ಅಪಾಯಕಾರಿ ಅಡ್ಡದಾರಿಗಳು.

ಕನಿಷ್ಠ 2.5 ಮೀಟರ್ ಉದ್ದದ ಜಿ.ಐ. ಪೈಪನ್ನು ಮಣ್ಣಿನಲ್ಲಿ ಹೂಳಿ ಸರಿಯಾದ ಭೂಸಂಪರ್ಕ ಪಡೆಯಬಹುದು. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅದರ ಸಾಮರ್ಥ್ಯ ಕುಗ್ಗುವುದರಿಂದ ಗುಂಡಿಗೆ ಆಗಾಗ ನೀರು ಹಾಕಬೇಕು. ಇದರ ಜೊತೆಗೆ 30 ಮಿಲಿ ಆಂಪಿಯರ್ ಸಾಮರ್ಥ್ಯದ ಆರ್‌ಸಿಸಿಬಿ ಅಳವಡಿಸಿ, ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ನೀರು ಕಾಯಿಸುವ ಸೌಲಭ್ಯವುಳ್ಳ ಯಂತ್ರಕ್ಕೆ 16 ಆಂಪಿಯರ್ ಸಾಕೆಟ್ ಅವಶ್ಯ. ನಲ್ಲಿ ಮತ್ತು ಪೈಪಿನ ಕೆಲಸವನ್ನು ತಾವೇ ಮಾಡಿಕೊಳ್ಳಬಹುದು. ಈ ಭಾಗವನ್ನು ಮಾತ್ರ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ಗೇ ವಹಿಸಬೇಕು.

ಒಳಬರುವ ನೀರು

ಸಂಪೂರ್ಣ ಸ್ವಯಂಚಾಲಿತ ಯಂತ್ರಕ್ಕೆ ನೀರಿನ ಒತ್ತಡ ಬೇಕು. ತೊಟ್ಟಿಯು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ದೊರೆಯುತ್ತದೆ. 3 ಮೀಟರ್ ಎತ್ತರಕ್ಕೆ ದೊರೆಯುವುದು 0.3 ಬಾರ್ ಮಾತ್ರ. ಹೆಂಚಿನ ಮನೆಯ ಪಕ್ಕದಲ್ಲಿ ಆಳೆತ್ತರದ ಕಟ್ಟೆಯ ಮೇಲೆ ತೊಟ್ಟಿ ಇರಿಸಿಕೊಂಡವರು ಯಂತ್ರದ ಕೈಪಿಡಿಯಲ್ಲಿ ಸೂಚಿಸಿದ ಕನಿಷ್ಠ ಒತ್ತಡವನ್ನು ಮೊದಲು ಓದಿಕೊಳ್ಳುವುದು ಒಳಿತು. ಒತ್ತಡ ಸಾಲದಿದ್ದರೆ ಅರೆ ಸ್ವಯಂಚಾಲಿತ ಯಂತ್ರವೇ ಸೂಕ್ತ, ಅದಕ್ಕೆ ಬಕೆಟ್ಟಿನಿಂದಲೂ ನೀರು ತುಂಬಬಹುದು. ಗಡಸು ನೀರಿರುವಲ್ಲಿ ಒಳನಳಿಕೆಯ ಬಾಯಿಯಲ್ಲಿರುವ ಸಣ್ಣ ಜಾಲರಿಯನ್ನು ತಿಂಗಳಿಗೊಮ್ಮೆ ತೆಗೆದು ಸ್ವಚ್ಛಗೊಳಿಸಬೇಕು.

ನಿಲ್ಲಿಸುವ ಜಾಗ

ಸಮತಟ್ಟಾದ ಸಿಮೆಂಟ್ ಅಥವಾ ಕಲ್ಲಿನ ನೆಲ ಉತ್ತಮ. ಮಲೆನಾಡಿನ ಕೆಲವು ಮನೆಗಳಂತೆ ಮರದ ಹಲಗೆಯ ನೆಲವಿದ್ದರೆ, ಬಟ್ಟೆ ಹಿಂಡುವಾಗ ಉಂಟಾಗುವ ಅದುರುವಿಕೆಯು ಹಲಗೆ ಮತ್ತು ತೊಲೆಗಳನ್ನು ಸಡಿಲಗೊಳಿಸುತ್ತದೆ. ತೊಲೆಗಳನ್ನು ಕೆಳಗಿನಿಂದ ಸ್ಕ್ರೂಡ್ರೈವರ್ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಹೋದರೆ ಗೆದ್ದಲು ಅಥವಾ ಕೊಳೆತ ಇದೆಯೆಂದು ಅರ್ಥ. ಅಂತಹ ತೊಲೆಯನ್ನೇ ಬದಲಿಸಬೇಕು, ಮೇಲೆ ಹೊಸ ಹಲಗೆ ಹೊಡೆದರೆ ಪ್ರಯೋಜನವಿಲ್ಲ. ಹಲಗೆಗಳನ್ನು ಮೊಳೆಯ ಬದಲು ಸ್ಕ್ರೂ ಹಾಕಿ ಬಿಗಿಗೊಳಿಸುವುದು ಲೇಸು. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಹಳೆಯ ಪದ್ಧತಿ ಇಂದಿಗೂ ಉಪಯುಕ್ತ. ಅದು ಚರ್ಮ ಸುಡುವುದರಿಂದ ಕೈಗವಸು ಕಡ್ಡಾಯ.

ಹೊರಹೋಗುವ ನೀರು

ಕೃಷಿಕರಿಗೆ ಇದೇ ಮುಖ್ಯ ಭಾಗ. ಒಂದು ಸಲದ ಒಗೆತದಿಂದ ಹಲವು ಬಕೆಟ್ ನೀರು ಹೊರಬರುತ್ತದೆ. ಬಾಳೆ, ತೆಂಗಿಗೆ ಅದನ್ನು ಹರಿಸುವ ಆಲೋಚನೆ ಸರಿಯಾದುದೇ. ಆದರೆ ಸಾಬೂನು ಪುಡಿಯಲ್ಲಿ ಸೋಡಿಯಂ ಲವಣಗಳಿರುತ್ತವೆ, ನೀರು ಕ್ಷಾರೀಯವಾಗಿರುತ್ತದೆ. ಎರೆಭೂಮಿಯಲ್ಲಿ ಸೋಡಿಯಂ ಹೆಚ್ಚಿದಂತೆ ಜೇಡಿಯ ಕಣಗಳು ಚದುರಿ, ಮಣ್ಣಿನ ರಂಧ್ರಗಳು ಮುಚ್ಚಿ, ನೀರು ಇಂಗುವುದು ನಿಲ್ಲುತ್ತದೆ. ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ಈ ತೊಂದರೆ ನಿಧಾನ. ಆದ್ದರಿಂದ ಒಂದೇ ಗಿಡದ ಬುಡಕ್ಕೆ ನಿತ್ಯ ಬಿಡದೆ ಜಾಗ ಬದಲಿಸುತ್ತಾ, ನಡುನಡುವೆ ಶುದ್ಧ ನೀರು ಕೊಡಬೇಕು. ಸೊಪ್ಪು ತರಕಾರಿಗೆ ಈ ನೀರು ಬೇಡ. ಗೋಬರ್ ಗ್ಯಾಸ್ ಗುಂಡಿಗೂ ಬೇಡ, ಸಾಬೂನಿನಿಂದ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಹಾನಿಯಾಗುತ್ತದೆ. ಕೊಳವೆಬಾವಿಯ ಮರುಪೂರಣ ಗುಂಡಿಗಂತೂ ಒಂದು ಹನಿಯೂ ಸೇರಬಾರದು.

ಯಂತ್ರದ ಹೊರನಳಿಕೆಯನ್ನು ನೇರವಾಗಿ ತೋಟದ ಪೈಪಿಗೆ ಬಿಗಿಯಾಗಿ ಸೇರಿಸಬೇಡಿ. ಗಾಳಿಯಾಡದಿದ್ದರೆ ಯಂತ್ರದೊಳಗಿನ ನೀರು ತಾನಾಗಿ ಸೆಳೆದು ಹೋಗಬಹುದು. ಬಚ್ಚಲಿನ ಹೊರಗೆ ಚಿಕ್ಕ ಸಿಮೆಂಟ್ ತೊಟ್ಟಿ ಕಟ್ಟಿ, ನೂಲಿನ ಕಸ ಹಿಡಿಯಲು ಜಾಲರಿ ಇರಿಸಿ, ಅದಕ್ಕೆ ಎರಡು ಹೊರದಾರಿ ಕೊಡಿ: ಒಂದು ಬಾಳೆಯ ಕಡೆಗೆ, ಇನ್ನೊಂದು ಬಾವಿಯಿಂದ ದೂರವಿರುವ ಇಂಗುಗುಂಡಿಗೆ.

ಈ ಎರಡನೆಯ ದಾರಿ ಬೇಕಾಗುವುದು ಔಷಧಿ ಸಿಂಪಡಿಸಿದ ದಿನ. ಕೀಟನಾಶಕ ತಾಗಿದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಎಂದಿಗೂ ಹಾಕಬಾರದು. ಕೈಗವಸು ಧರಿಸಿ, ಅದೇ ದಿನ, ಪ್ರತ್ಯೇಕವಾಗಿ, ತುಂಬು ನೀರಿನಲ್ಲಿ, ಸಾಧ್ಯವಾದರೆ ಬಿಸಿನೀರಿನಲ್ಲಿ ಒಗೆಯಬೇಕು. ಬಳಿಕ ಬಟ್ಟೆಯಿಲ್ಲದೆ ಸಾಬೂನು ಹಾಕಿ ಯಂತ್ರವನ್ನು ಒಮ್ಮೆ ಓಡಿಸಬೇಕು. ನೀರು ಬೆರೆಸದ ಔಷಧಿಯೇ ಚೆಲ್ಲಿ ನೆನೆದ ಬಟ್ಟೆಯನ್ನು ಒಗೆಯುವ ಬದಲು ತ್ಯಜಿಸುವುದೇ ಸುರಕ್ಷಿತ. ಈ ನೀರು ದನಕರುಗಳ ಬಾನಿ, ಮೀನಿನ ಹೊಂಡದ ಹತ್ತಿರ ಹರಿಯದಂತೆ ನೋಡಿಕೊಳ್ಳಿ.

ಒಗೆದ ನೀರು ಬಿಡುವ ಜಾಗದಲ್ಲಿ ಬಿಳಿ ಪೊರೆ, ಒಣಗಿದಾಗ ಕಲ್ಲಿನಂತಾಗುವ ಮಣ್ಣು, ಸುಟ್ಟಂತೆ ಕಾಣುವ ಎಲೆಯಂಚು ಕಂಡರೆ ನೀರು ಬಿಡುವುದನ್ನು ನಿಲ್ಲಿಸಿ, ಮಣ್ಣಿನ ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ರಸಸಾರ, ವಿದ್ಯುತ್ ವಾಹಕತೆ ಹಾಗೂ ವಿನಿಮಯ ಸೋಡಿಯಂ ಪ್ರಮಾಣ ನೋಡಿದ ನಂತರವೇ ಜಿಪ್ಸಂ ಬೇಕೇ, ಎಷ್ಟು ಬೇಕು ಎಂಬುದನ್ನು ನಿರ್ಧರಿಸಬೇಕು.