ಕಂಟ್ರೋಲ್ ಬಿಡೋದು ಅಂದ್ರೆ ಕೈಬಿಡೋದಾ? ‘ದೇವರಿಗೆ ಒಪ್ಪಿಸು’ ಅನ್ನೋ ಮಾತಿನ ಅರ್ಥ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತಿನ ಎಪಿಸೋಡ್ ಒಂದು ಎಕ್ಸೆಲ್ ಶೀಟಿನಿಂದ ಶುರು. ನಾನು ಬಿ.ಕಾಂ. ಓದಿದವಳು, ಲೆಕ್ಕ ಬರೆದಿಟ್ಟರೆ ನನಗೆ ಸಮಾಧಾನ. ಮೂರು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪಲ್ಲಿ ಒಂದು ಶೀಟ್ ಇತ್ತು. ನಮ್ಮಣ್ಣ ಯಾವ ದಿನ ಕುಡಿದ, ಎಷ್ಟೊತ್ತಿಗೆ ಮನೆಗೆ ಬಂದ, ಎಷ್ಟು ದುಡ್ಡು ಹೋಯ್ತು, ಎಲ್ಲಾ ಅದರಲ್ಲಿ. ಅವನ ಎಟಿಎಂ ಕಾರ್ಡ್ ನನ್ನ ಪರ್ಸಲ್ಲಿ, ಅವನ ಲೊಕೇಶನ್ ನನ್ನ ಫೋನಲ್ಲಿ. ಅವನು ಕೆಲಸಕ್ಕೆ ಹೋಗದ ದಿನ ‘ಜ್ವರ ಸರ್’ ಅಂತ ಅವನ ಫೋನಿಂದ ಮೆಸೇಜ್ ಹಾಕ್ತಿದ್ದದ್ದೂ ನಾನೇ.

ಫಲಿತಾಂಶ? ಕಾರ್ಡ್ ಕಿತ್ಕೊಂಡ್ರೆ ಸಾಲ ಮಾಡಿದ. ಸಾಲ ಕೊಡಬೇಡಿ ಅಂತ ಸ್ನೇಹಿತರಿಗೆ ಹೇಳಿದ್ರೆ ಬೈಕ್ ಅಡ ಇಟ್ಟ. ಅವನು ಕುಡಿಯೋದು ನಿಲ್ಲಲಿಲ್ಲ, ನನ್ನ ನಿದ್ದೆ ನಿಂತುಹೋಯ್ತು.

ನಮ್ಮದು ಚರ್ಚಿಗೆ ಹೋಗೋ ಮನೆ. ಅಮ್ಮ ದಿನಾ ರಾತ್ರಿ ಹೇಳೋರು, ‘ದೇವರ ಕೈಗೆ ಒಪ್ಪಿಸಿಬಿಡು ಮಗಳೇ’ ಅಂತ. ನನಗೆ ಮೈಯೆಲ್ಲಾ ಉರಿಯೋದು. ‘ಒಪ್ಪಿಸಿಬಿಟ್ರೆ ಇಎಂಐ ದೇವರು ಕಟ್ತಾರಾ ಅಮ್ಮಾ?’ ಅಂತ ಕೇಳ್ತಿದ್ದೆ. ಒಪ್ಪಿಸೋದು ಅಂದ್ರೆ ಸೋತೆ ಅಂತ ಕೈ ಎತ್ತೋದು ಅಂತಾನೇ ನಾನು ತಿಳ್ಕೊಂಡಿದ್ದೆ. ನಿಮ್ಮಲ್ಲೂ ತುಂಬಾ ಜನ ಹಾಗೇ ತಿಳ್ಕೊಂಡಿರಬಹುದು. ಹಾಗಾಗಿ ಈ ಮಾತಿಗೆ ಕ್ರೈಸ್ತ ನಂಬಿಕೆಯಲ್ಲಿ ನಿಜವಾಗಿ ಏನರ್ಥ ಅಂತ ನೋಡೋಣ.

ಪ್ಲ್ಯಾನ್ ಮಾಡೋದು ತಪ್ಪಾ?

ಕನ್ನಡ ಚರ್ಚುಗಳಲ್ಲಿ ದಿನನಿತ್ಯ ಕೇಳೋ ಮಾತು ‘ದೇವರ ಚಿತ್ತ’. ಚಿತ್ತ ಅಂದ್ರೆ ಇಲ್ಲಿ ಇಚ್ಛೆ, ಸಂಕಲ್ಪ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆ ಅಂತ ಒಂದು ಚಿಕ್ಕ ಪತ್ರ ಇದೆ. ಅದರ ನಾಲ್ಕನೇ ಅಧ್ಯಾಯ ನಮ್ಮಂಥ ಕಾಮರ್ಸ್ ಜನರಿಗೇ ಬರೆದ ಹಾಗಿದೆ. ಇಂಥಾ ಊರಿಗೆ ಹೋಗ್ತೀವಿ, ಒಂದು ವರ್ಷ ವ್ಯಾಪಾರ ಮಾಡ್ತೀವಿ, ಲಾಭ ತಗೋತೀವಿ ಅಂತ ಹೇಳೋರನ್ನ ಯಾಕೋಬ ಕೇಳ್ತಾನೆ: ನಾಳೆ ಏನಾಗುತ್ತೆ ಅಂತಲೇ ನಿಮಗೆ ಗೊತ್ತಿಲ್ಲವಲ್ಲ?

ಆದರೆ ಗಮನಿಸಿ, ವ್ಯಾಪಾರ ಬಿಡಿ ಅಂತ ಅವನು ಹೇಳಲ್ಲ. ‘ದೇವರ ಚಿತ್ತ ಇದ್ದರೆ’ ಅನ್ನೋದನ್ನ ಪ್ಲ್ಯಾನಿನೊಳಗೆ ಸೇರಿಸಿ ಅಂತಾನೆ. ಅಂದ್ರೆ ಬಜೆಟ್ ಹಾಕಿ, ಆದರೆ ನಾಳೆಯ ಮಾಲೀಕರು ನೀವೇ ಅನ್ನೋ ಹಾಗೆ ಮಾತಾಡಬೇಡಿ.

ಗೆತ್ಸೇಮನೆಯ ರಾತ್ರಿ

ಒಪ್ಪಿಸೋದಕ್ಕೆ ಕ್ರೈಸ್ತರು ಮೊದಲು ನೋಡೋ ಉದಾಹರಣೆ ಯೇಸುವೇ. ಶಿಲುಬೆಗೆ ಹಾಕೋ ಹಿಂದಿನ ರಾತ್ರಿ, ಯೆರೂಸಲೇಮಿನ ಪಕ್ಕದ ಎಣ್ಣೆಮರಗಳ ಗುಡ್ಡದಲ್ಲಿ ಗೆತ್ಸೇಮನೆ ಅನ್ನೋ ಜಾಗ. ಆ ಹೆಸರಿಗೆ ಎಣ್ಣೆಯ ಗಾಣ ಅಂತ ಅರ್ಥ.

ಅಲ್ಲಿ ಅವನು ನಗುನಗ್ತಾ ‘ಆಗಲಿ’ ಅನ್ನಲಿಲ್ಲ. ಈ ಸಂಕಟದ ಪಾತ್ರೆ ನನ್ನಿಂದ ದೂರ ಆಗಲಿ ಅಂತ ಮೊದಲು ಬೇಡಿಕೊಂಡ. ಮತ್ತಾಯ ಬರೆದ ಪ್ರಕಾರ ಒಂದು ಸಲ ಅಲ್ಲ, ಮೂರು ಸಲ ಪ್ರಾರ್ಥಿಸಿದ. ಜೊತೆಗೆ ಎಚ್ಚರ ಇರಿ ಅಂತ ಸ್ನೇಹಿತರನ್ನ ಕೇಳಿಕೊಂಡ, ಅವರು ನಿದ್ದೆ ಹೋದ್ರು. ಆಮೇಲೆ, ನನ್ನಿಷ್ಟ ಅಲ್ಲ ನಿನ್ನಿಷ್ಟ ಆಗಲಿ ಅನ್ನೋ ಕಡೆಗೆ ಬಂದ.

ಇದರಲ್ಲಿ ನನಗೆ ಎರಡು ಪಾಠ ಕಂಡವು. ಒಂದು, ಒಪ್ಪಿಸೋಕೆ ಮುಂಚೆ ನನಗೇನು ಬೇಕು ಅಂತ ದೇವರ ಮುಂದೆ ನೇರವಾಗಿ ಹೇಳಬಹುದು, ಅಳಬಹುದು. ಆಸೆ ಇರೋದು ಅಪನಂಬಿಕೆ ಅಲ್ಲ. ಎರಡು, ಪ್ರಾರ್ಥನೆ ಮುಗಿದ ಮೇಲೆ ಅವನು ಅಲ್ಲೇ ಕೂತುಬಿಡಲಿಲ್ಲ. ಎದ್ದು, ಬರ್ತಿದ್ದವರ ಎದುರಿಗೆ ನಡೆದ. ಒಪ್ಪಿಸಿದ ಮೇಲೂ ಮಾಡೋ ಕೆಲಸ ಇರುತ್ತೆ.

ಆಕ್ರಾನಿನ ಹೋಟೆಲ್ ಲಾಬಿ

ಈಗ 1935ಕ್ಕೆ ಬನ್ನಿ. ಅಮೆರಿಕದ ಓಹಾಯೋ ರಾಜ್ಯದ ಆಕ್ರಾನ್ ಊರು. ಬಿಲ್ ವಿಲ್ಸನ್ ಅನ್ನೋ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಒಂದು ಡೀಲ್ ಕೈತಪ್ಪಿ ಹೋಟೆಲ್ ಲಾಬಿಯಲ್ಲಿ ಒಂಟಿಯಾಗಿ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವನು ಊರಿನ ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡಿದ, ತನ್ನಂಥದ್ದೇ ಕಷ್ಟದಲ್ಲಿರೋ ಇನ್ನೊಬ್ಬರ ಜೊತೆ ಮಾತಾಡಬೇಕು ಅಂತ. ಹಾಗೆ ಸಿಕ್ಕಿದವರು ಡಾ. ಬಾಬ್ ಸ್ಮಿತ್, ಒಬ್ಬ ಸರ್ಜನ್. ಈ ಇಬ್ಬರಿಂದ ಶುರುವಾದದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಎಎ.

ಇಬ್ಬರಿಗೂ ಆಕ್ಸ್‌ಫರ್ಡ್ ಗ್ರೂಪ್ ಅನ್ನೋ ಕ್ರೈಸ್ತ ಚಳವಳಿಯ ನಂಟಿತ್ತು. ಅದರ ಪ್ರಭಾವ 1939ರಲ್ಲಿ ಅಚ್ಚಾದ ಹನ್ನೆರಡು ಹೆಜ್ಜೆಗಳಲ್ಲಿ ಕಾಣುತ್ತೆ. ಮೊದಲ ಹೆಜ್ಜೆ, ಕುಡಿತದ ಮುಂದೆ ನನ್ನ ಬಲ ನಡೆಯಲ್ಲ ಅಂತ ಒಪ್ಪಿಕೊಳ್ಳೋದು. ಮೂರನೇ ಹೆಜ್ಜೆ, ನನ್ನ ಇಚ್ಛೆಯನ್ನ, ಬದುಕನ್ನ ದೇವರಿಗೆ ಒಪ್ಪಿಸೋ ತೀರ್ಮಾನ. ದೇವರನ್ನ ಅವರವರು ಅರಿತ ಹಾಗೆ ಅಂತ ಸೇರಿಸಿದ್ದರಿಂದ ಎಲ್ಲಾ ಧರ್ಮದವರಿಗೂ, ಧರ್ಮ ಬೇಡ ಅನ್ನೋರಿಗೂ ಅಲ್ಲಿ ಜಾಗ ಆಯ್ತು.

ಆ ಸಭೆಗಳಲ್ಲಿ ಹೇಳೋ ಪ್ರಾರ್ಥನೆಯೊಂದಿದೆ. ಅದು ರೈನ್‌ಹೋಲ್ಡ್ ನೀಬರ್ ಅನ್ನೋ ಅಮೆರಿಕನ್ ದೈವಶಾಸ್ತ್ರಜ್ಞರದ್ದು ಅಂತ ಹೇಳ್ತಾರೆ. ಅದು ಕೇಳೋದು ಮೂರೇ: ಬದಲಾಯಿಸೋಕಾಗದ್ದನ್ನ ಒಪ್ಪೋ ಶಾಂತಿ, ಆಗೋದನ್ನ ಬದಲಾಯಿಸೋ ಧೈರ್ಯ, ಇದ್ಯಾವುದು ಅದ್ಯಾವುದು ಅಂತ ತಿಳಿಯೋ ವಿವೇಕ. ನನ್ನ ಶೀಟಲ್ಲಿ ಇಲ್ಲದೆ ಹೋದದ್ದು ಆ ಮೂರನೆಯದು.

1951ರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಮತ್ತು ಅವರ ಗೆಳತಿಯೊಬ್ಬರು ಕುಡಿಯೋರ ಮನೆಯವರಿಗಾಗಿ ಆಲ್-ಅನಾನ್ ಶುರು ಮಾಡಿದ್ರು. ಯಾಕಂದ್ರೆ ಮನೆಯವರಿಗೂ ಒಂದು ಚಟ ಹತ್ತಿರುತ್ತೆ, ಕಾಯೋ ಚಟ. ಜೇಬು ತಡಕೋದು, ಬಾಯಿ ಮೂಸೋದು, ಸುಳ್ಳು ಹೇಳಿ ಮರ್ಯಾದೆ ಉಳಿಸೋದು. ಇದನ್ನ ತಿಳ್ಕೊಂಡ ದಿನ ನನ್ನ ‘ಜ್ವರ ಸರ್’ ಮೆಸೇಜುಗಳು ನೆನಪಾಗಿ ನಾಚಿಕೆ ಆಯ್ತು. ನಾನು ಅವನನ್ನ ಕಾಪಾಡ್ತಿರಲಿಲ್ಲ, ಅವನ ಕುಡಿತದ ಬೆಲೆ ಅವನಿಗೆ ಕಾಣದ ಹಾಗೆ ಮುಚ್ಚಿಡ್ತಿದ್ದೆ.

ಬಾಗಿಲಲ್ಲಿ ನಿಂತ ಅಪ್ಪ

ನಮ್ಮ ಸಭಾಪಾಲಕರ ಹತ್ರ ಇದನ್ನ ಹೇಳಿಕೊಂಡಾಗ, ಲೂಕನ ಸುವಾರ್ತೆಯ ದುಂದುಗಾರ ಮಗನ ಸಾಮ್ಯ ಇನ್ನೊಂದು ಸಲ ಓದಮ್ಮ ಅಂದ್ರು. ಆಸ್ತಿಯಲ್ಲಿ ಪಾಲು ಕೇಳಿ ದೂರದೇಶಕ್ಕೆ ಹೋಗಿ ಎಲ್ಲಾ ಕಳೆದುಕೊಂಡು ವಾಪಸ್ ಬರೋ ಮಗನ ಕಥೆ. ಸಂಡೇ ಸ್ಕೂಲಿಂದ ಕೇಳಿದ್ದೆ, ಆದರೆ ಅಪ್ಪನನ್ನ ಸರಿಯಾಗಿ ನೋಡಿರಲಿಲ್ಲ. ಆ ಅಪ್ಪ ಮಗನ ಹಿಂದೆ ಆಳು ಕಳಿಸಲ್ಲ, ಬಾಗಿಲಿಗೆ ಬೀಗವೂ ಹಾಕಲ್ಲ. ಮಗ ಇನ್ನೂ ದೂರದಲ್ಲಿ ಇರುವಾಗಲೇ ಅವನನ್ನ ಕಂಡು ಓಡಿಹೋಗ್ತಾನೆ. ಹಿಡಿತ ಬಿಟ್ಟಿದ್ದ, ಪ್ರೀತಿ ಬಿಟ್ಟಿರಲಿಲ್ಲ.

ಎರಡು ಕಾಲಂ

ಆಮೇಲೆ ನಾನು ಶೀಟ್ ಅಳಿಸಿ ಎರಡೇ ಕಾಲಂ ಮಾಡಿದೆ. ಒಂದು ‘ನನ್ನ ಪಾಲು’, ಇನ್ನೊಂದು ‘ನನ್ನದಲ್ಲ’. ಚಿಕಿತ್ಸೆ ಎಲ್ಲಿ ಸಿಗುತ್ತೆ ಅಂತ ತಿಳ್ಕೊಂಡು ಹೇಳೋದು, ಸುಳ್ಳು ಹೇಳದೆ ಇರೋದು, ಅಮ್ಮನ ಒಡವೆ, ಮನೆ ದುಡ್ಡು ಭದ್ರವಾಗಿಡೋದು: ನನ್ನ ಪಾಲು. ಅವನು ಇವತ್ತು ಕುಡೀತಾನಾ ಇಲ್ವಾ: ನನ್ನದಲ್ಲ. ಅದನ್ನ ದಿನಾ ಬೆಳಿಗ್ಗೆ ಒಪ್ಪಿಸಬೇಕು, ಯಾಕಂದ್ರೆ ಮಧ್ಯಾಹ್ನದೊಳಗೆ ನಾನೇ ವಾಪಸ್ ಕಿತ್ಕೊಂಡಿರ್ತೀನಿ.

ಇಲ್ಲಿ ಒಂದು ಎಚ್ಚರಿಕೆ. ಒಪ್ಪಿಸೋದು ಅಂದ್ರೆ ಹೊಡೆತ ತಿನ್ನೋದಲ್ಲ. ಮನೆಯಲ್ಲಿ ಹಿಂಸೆ ಇದ್ರೆ ಸುರಕ್ಷಿತ ಜಾಗಕ್ಕೆ ಹೋಗೋದೇ ನಿಮ್ಮ ಪಾಲು. ಡಾಕ್ಟರನ್ನ ಬಿಟ್ಟು ಪ್ರಾರ್ಥನೆ ಹಿಡಿಯೋದೂ ಅಲ್ಲ. ತುಂಬಾ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ವೈದ್ಯರ ನಿಗಾ ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗ ಇದೆ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಅಣ್ಣನ ಕಥೆ ಏನಾಯ್ತು ಅಂತೀರಾ? ಕಾರ್ಡ್ ವಾಪಸ್ ಕೊಟ್ಟ ದಿನವೇ ಕುಡಿದು ಬಂದ. ಪವಾಡ ಏನೂ ನಡೆಯಲಿಲ್ಲ. ಕೆಲಸ ಹೋಯ್ತು, ನಾನು ಮೆಸೇಜ್ ಹಾಕಲಿಲ್ಲ. ಎಷ್ಟೋ ತಿಂಗಳ ಮೇಲೆ ಅವನೇ ‘ಆಸ್ಪತ್ರೆಗೆ ಬರ್ತೀಯಾ ಜೊತೆಗೆ?’ ಅಂದ. ಹೋದೆ. ಬಿಟ್ಟ, ಮತ್ತೆ ಕುಡಿದ, ಮತ್ತೆ ಬಿಟ್ಟಿದ್ದಾನೆ. ಈಗ ಐದನೇ ತಿಂಗಳು.

ಕಳೆದ ವಾರ ರಾತ್ರಿ ಮೀಟಿಂಗಿಂದ ಬರೋದು ಮುಕ್ಕಾಲು ಗಂಟೆ ತಡ ಆಯ್ತು. ನನ್ನ ಬೆರಳು ತಾನಾಗೇ ಫೋನಲ್ಲಿ ಲೊಕೇಶನ್ ಹುಡುಕಿತು. ಅದನ್ನ ಯಾವತ್ತೋ ತೆಗೆದಿದ್ದೆ. ಫೋನ್ ಮಗುಚಿಟ್ಟು ‘ಇದು ನನ್ನದಲ್ಲ, ನಿನ್ನದು’ ಅಂತ ಹೇಳಿ ಸಾರು ಬಿಸಿ ಮಾಡೋಕೆ ಹೋದೆ. ಅವನು ಬಂದ. ಬಸ್ ಸಿಗಲಿಲ್ಲ ಅಂದ. ನಾನು ಹತ್ತಿರ ಹೋಗಿ ಮೂಸಲಿಲ್ಲ. ತಟ್ಟೆ ಹಾಕಿದೆ, ಇಬ್ಬರೂ ಊಟ ಮಾಡಿದ್ವಿ.

ನಿಮ್ಮ ‘ನನ್ನದಲ್ಲ’ ಕಾಲಮ್ಮಲ್ಲಿ ಏನಿದೆ? ಯೋಚಿಸಿ ನೋಡಿ. ಮುಂದಿನ ವಾರ ಸಿಗೋಣ.