ಉಗುಳು ನುಂಗಿದರೆ ನೋಂಬು ಹೋಗುವುದಿಲ್ಲ

ರಮಝಾನ್ ಬಂತೆಂದರೆ ಮದ್ರಸದ ಮಕ್ಕಳು ನಮ್ಮಲ್ಲಿ ಮೊದಲು ಕೇಳುವುದೇ ಇದು: "ಉಸ್ತಾದ್, ಉಗುಳು ನುಂಗಿದ್ರೆ ನೋಂಬು ಹೋಗ್ತದಾ?" ಕಾಪು, ಕಾರ್ಕಳದ ಕಡೆ ಕೆಲವು ಹಿರಿಯರೂ ಇದೇ ಹೆದರಿಕೆಯಿಂದ ದಿನವಿಡೀ ಉಗುಳುತ್ತಿರುತ್ತಾರೆ. ಅಸರ್ ಹೊತ್ತಿಗೆ ಬಾಯಿ ಒಣಗಿ ಕುರ್‌ಆನ್ ಓದಲೂ ನಾಲಗೆ ಏಳುವುದಿಲ್ಲ.

ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಉತ್ತರ ಸ್ಪಷ್ಟ. ರಕ್ತವಾಗಲಿ ಆಹಾರವಾಗಲಿ ಬೆರೆಯದ, ಬಾಯಿಯಿಂದ ಹೊರಬಾರದ ನಮ್ಮದೇ ಉಗುಳನ್ನು ನುಂಗಿದರೆ ನೋಂಬು ಮುರಿಯುವುದಿಲ್ಲ.

ಉಗುಳು ಕೊಳೆಯಲ್ಲ, ಅಲ್ಲಾಹನ ನಿಅಮತ್. ದಿನಕ್ಕೆ ಸುಮಾರು 0.5ರಿಂದ 1.5 ಲೀಟರ್ ಊರುತ್ತದೆ. ಆಹಾರದ ಚೂರು ತೊಳೆಯುತ್ತದೆ, ಹುಳಿಯನ್ನು ತಗ್ಗಿಸುತ್ತದೆ, ಕ್ಯಾಲ್ಸಿಯಂ, ಫಾಸ್ಫೇಟ್ ಕೊಟ್ಟು ಹಲ್ಲನ್ನು ಗಟ್ಟಿಯಾಗಿಡುತ್ತದೆ. ನಿದ್ದೆಯಲ್ಲಿ ಮಾತ್ರ ತೀರಾ ಕಡಿಮೆಯಾಗುತ್ತದೆ. ಆದ್ದರಿಂದ ಅತ್ತಾಳ ಉಂಡು ಹಲ್ಲುಜ್ಜದೆ ಮಲಗಿದರೆ ಹಲ್ಲು ಹುಳುಕಾಗಲು ನಾವೇ ದಾರಿ ಮಾಡಿಕೊಟ್ಟಂತೆ. ಸುಬ್‌ಹಿ ಬಾಂಗ್‌ಗೆ ಮೊದಲೇ ಹಲ್ಲುಜ್ಜೋಣ. ಇಫ್ತಾರ್ ಆದ ಮೇಲೆ ಶರಬತ್ತಿಗಿಂತ ನೀರನ್ನೇ ಹೆಚ್ಚು ಕುಡಿಯೋಣ.

ಸಕ್ಕರೆ ಕಾಯಿಲೆಯಿಂದ, ಕೆಲವು ಬಿಪಿ ಮಾತ್ರೆಗಳಿಂದಲೂ ಬಾಯಿ ಒಣಗುತ್ತದೆ. ಹಾಗೆಂದು ಮಾತ್ರೆ ನಾವೇ ನಿಲ್ಲಿಸಬಾರದು. ರಮಝಾನ್ ಕಳೆದರೂ ಬಾಯಿ ಒಣಗುತ್ತಲೇ ಇದ್ದರೆ ವೈದ್ಯರಿಗೆ ತೋರಿಸಬೇಕು. 1965ರಿಂದ ಮಣಿಪಾಲದಲ್ಲೇ ದಂತ ಕಾಲೇಜಿದೆ, ದೂರವೇನಲ್ಲ.

ಮಕ್ಕಳಿಗೆ ಇಷ್ಟು ಹೇಳಿಕೊಡೋಣ: ಉಗುಳಬೇಡಿ, ನುಂಗಿ. ನೋಂಬೂ ಉಳಿಯುತ್ತದೆ, ಹಲ್ಲೂ ಉಳಿಯುತ್ತದೆ.